ಬೇಟೆ ಋತುವಿಗೆ ಮುನ್ನ ಟ್ರೈಲ್ ಕ್ಯಾಮೆರಾ: ಬಿಳಿಬಾಲದ ಗಂಡು ಜಿಂಕೆಯ ಜಾಡು ಹಿಡಿಯುವ ಕ್ರಮ

ಜುಲೈನಲ್ಲಿ ಸೋಯಾಬೀನ್ ಹೊಲದ ಅಂಚಿಗೆ, ಪ್ರಾಣಿ ಎದುರು ಬಂದಾಗ ತಾನಾಗಿ ಫೋಟೋ ತೆಗೆಯುವ ಒಂದು ಟ್ರೈಲ್ ಕ್ಯಾಮೆರಾ ಕಟ್ಟಿದರೆ ದೊಡ್ಡ ಕೊಂಬಿನ ಗಂಡು ಜಿಂಕೆಯ ಫೋಟೋ ಸಿಗುವುದು ಅಷ್ಟೇನೂ ಕಷ್ಟವಲ್ಲ. ಅದೇ ಜಿಂಕೆ ಅಕ್ಟೋಬರಿನಲ್ಲಿ ಎಲ್ಲಿರುತ್ತದೆ, ಬೆಳಕಿರುವಾಗ ಓಡಾಡುತ್ತದೆಯೇ, ಯಾವ ಗಾಳಿ ಬೀಸಿದಾಗ ಯಾವ ಕಡೆಯಿಂದ ಬರುತ್ತದೆ ಎಂಬುದೇ ಬೇಟೆಗಾರನಿಗೆ ಬೇಕಾದ ವಿಷಯ. ಫೋಟೋಗಳ ರಾಶಿಯಿಂದ ಇದು ತಾನಾಗಿ ಹೊರಬರುವುದಿಲ್ಲ. ಕ್ಯಾಮೆರಾ ಎಲ್ಲಿ ಕಟ್ಟಿದಿರಿ, ಯಾವಾಗ ಜಾಗ ಬದಲಿಸಿದಿರಿ, ನೋಡಲು ಎಷ್ಟು ಸಲ ಕಾಡಿಗೆ ನುಗ್ಗಿದಿರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇಲ್ಲಿನ ವಿವರಗಳೆಲ್ಲ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನೈರುತ್ಯ ಭಾಗವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಏರಿಳಿತದ ದಿಣ್ಣೆಗಳು, ಇಳಿಜಾರಿನಲ್ಲಿ ಓಕ್ ಕಾಡು, ತಪ್ಪಲಿನಲ್ಲಿ ಮೆಕ್ಕೆಜೋಳ, ಸೋಯಾಬೀನ್ ಮತ್ತು ಆಲ್ಫಾಲ್ಫಾ, ಅಂದರೆ ನಮ್ಮ ರೈತರು ಕುದುರೆ ಮಸಾಲೆ ಎನ್ನುವ ಮೇವಿನ ಬೆಳೆ. ಅಯೋವಾ, ಮಿನ್ನೆಸೋಟ, ಇಲಿನಾಯ್ ಕಡೆಯ ಕನ್ನಡಿಗರಿಗೂ ಇದು ಬಹುಪಾಲು ಹೊಂದುತ್ತದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಊರಿಗೆ ಬಂದಾಗ ಅನುಮತಿಯಿಲ್ಲದೆ ಕಾಡಿನಲ್ಲಿ ಕ್ಯಾಮೆರಾ ಕಟ್ಟುವ ಯೋಚನೆಯೂ ಬೇಡ. ಉಪಕರಣ ಮಾತ್ರ ನಮಗೆ ಹೊಸದಲ್ಲ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಹುಲಿ ಎಣಿಕೆಗೆ ಬಳಸಿದ ಕ್ಯಾಮೆರಾ ಟ್ರ್ಯಾಪ್ ಇದರ ಬಂಧುವೇ. ಹುಲಿಯನ್ನು ಪಟ್ಟೆಯಿಂದ ಗುರುತಿಸಿದರೆ ಇಲ್ಲಿ ಗಂಡು ಜಿಂಕೆಯನ್ನು ಕೊಂಬಿನ ಕವಲಿನಿಂದ ಗುರುತಿಸುತ್ತೇವೆ. ಒಂದೇ ತೊಡಕೆಂದರೆ ಹುಲಿಯ ಪಟ್ಟೆ ಬದಲಾಗುವುದಿಲ್ಲ, ಜಿಂಕೆಯ ಕೊಂಬು ಪ್ರತಿ ವರ್ಷ ಬಿದ್ದು ಹೊಸದಾಗಿ ಹುಟ್ಟುತ್ತದೆ.

ಮೊದಲು ನಿಯಮ ನೋಡಿ

ಕ್ಯಾಮೆರಾ ಕೊಳ್ಳುವ ಮೊದಲು ನಿಮ್ಮ ರಾಜ್ಯದ ಆ ವರ್ಷದ ಬೇಟೆ ನಿಯಮದ ಪುಸ್ತಿಕೆ ಓದಿ. ಅರಿಝೋನಾದಲ್ಲಿ 2022ರ ಜನವರಿಯಿಂದ ಬೇಟೆಗೆ ಟ್ರೈಲ್ ಕ್ಯಾಮೆರಾ ಬಳಸುವಂತೆಯೇ ಇಲ್ಲ. ಕನ್ಸಾಸ್ ರಾಜ್ಯವು 2023ರಲ್ಲಿ ತನ್ನ ವನ್ಯಜೀವಿ ಇಲಾಖೆಯ ಸಾರ್ವಜನಿಕ ಜಮೀನುಗಳಲ್ಲಿ ಇವನ್ನು ನಿಷೇಧಿಸಿತು. ಫೋಟೋವನ್ನು ಆಗಿಂದಾಗಲೇ ಫೋನಿಗೆ ಕಳಿಸುವ ಸೆಲ್ಯುಲಾರ್ ಕ್ಯಾಮೆರಾಗಳಿಗೆ ಕೆಲವೆಡೆ ಬೇರೆ ನಿರ್ಬಂಧಗಳಿವೆ. ಸಾರ್ವಜನಿಕ ಭೂಮಿಯಲ್ಲಿ ಕ್ಯಾಮೆರಾದ ಮೇಲೆ ಹೆಸರು ಅಥವಾ ಗುರುತಿನ ಸಂಖ್ಯೆ ಬರೆದಿರಬೇಕೆಂದೂ, ಮರಕ್ಕೆ ಮೊಳೆ ಹೊಡೆಯಬಾರದೆಂದೂ ಹೇಳುವ ರಾಜ್ಯಗಳುಂಟು. ಖಾಸಗಿ ಜಮೀನಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ‘ಹೂಂ, ಹೋಗಿ ಬನ್ನಿ’ ಎಂದದ್ದು ನವೆಂಬರ್ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಕ್ಯಾಮೆರಾ ಮುಂದೆ ಮೆಕ್ಕೆಜೋಳ ಸುರಿಯುವುದು, ಉಪ್ಪಿನ ಗಡ್ಡೆ ಇಡುವುದು ತುಂಬ ಜನ ಹೇಳಿಕೊಡುವ ಉಪಾಯ. ಇಲಿನಾಯ್‌ನಲ್ಲಿ ಅದು ಕಾನೂನುಬಾಹಿರ. ವಿಸ್ಕಾನ್ಸಿನ್‌ನಲ್ಲಿ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಕಂಡ ಕೌಂಟಿಗಳಲ್ಲಿ ನಿಷಿದ್ಧ. ಜಿಂಕೆಯ ಮಿದುಳನ್ನು ತಿನ್ನುವ ಈ ರೋಗ ಆ ರಾಜ್ಯದ ಕಾಡುಜಿಂಕೆಗಳಲ್ಲಿ ಮೊದಲು ಪತ್ತೆಯಾದದ್ದು 2002ರಲ್ಲಿ. ಪ್ರಿಯಾನ್ ಎಂಬ ರೋಗಕಾರಕ ವಿಕೃತ ಪ್ರೋಟೀನ್‌ಗಳು ಜೊಲ್ಲು, ಮೂತ್ರದ ಮೂಲಕ ಹರಡಿ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಹತ್ತು ಜಿಂಕೆಗಳ ಮೂತಿಯನ್ನು ಒಂದೇ ರಾಶಿಗೆ ತಂದು ಸೇರಿಸುವುದು ಕಾನೂನು ಒಪ್ಪಿದ ಕಡೆಯೂ ಒಳ್ಳೆಯ ಕೆಲಸವಲ್ಲ. ಅಲ್ಲದೆ ಕಾಳಿನ ರಾಶಿ ಕೊಡುವುದು ಕಾಳಿಗೆ ಬಂದ ಜಿಂಕೆಯ ಫೋಟೋ. ಅದರ ಸಹಜ ಓಡಾಟ ಅದರಿಂದ ತಿಳಿಯುವುದಿಲ್ಲ. ಹಾಗಾಗಿ ಇಲ್ಲಿ ಹೇಳಿರುವುದೆಲ್ಲ ಆಮಿಷವಿಲ್ಲದ ಕ್ರಮ.

ಬೇಕಾದ ಸಾಮಾನು

ಟ್ರೈಲ್ ಕ್ಯಾಮೆರಾದ ಜೀವಾಳ ಅದರ ಶಾಖ ಸೆನ್ಸರ್. ಹಿನ್ನೆಲೆಗಿಂತ ಬೇರೆ ಉಷ್ಣತೆಯ ವಸ್ತು ಎದುರು ಚಲಿಸಿದಾಗ ಅದು ಎಚ್ಚೆತ್ತು ಫೋಟೋ ತೆಗೆಯುತ್ತದೆ. ಆದ್ದರಿಂದ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಬದಲು ಎಷ್ಟು ಬೇಗ ಎಚ್ಚರಗೊಳ್ಳುತ್ತದೆ, ಒಂದು ಫೋಟೋ ಆದ ಮೇಲೆ ಮುಂದಿನದಕ್ಕೆ ಎಷ್ಟು ಬೇಗ ಸಿದ್ಧವಾಗುತ್ತದೆ ಎಂದು ಕೇಳಿ. ಅರ್ಧ ಸೆಕೆಂಡಿಗಿಂತ ಬೇಗ ಕ್ಲಿಕ್ಕಿಸುವುದು ಜಾಡಿಗೆ ಸಾಕು. ಹೊಲದ ಅಂಚಿಗೆ ಇನ್ನೂ ನಿಧಾನದ್ದಾದರೂ ನಡೆಯುತ್ತದೆ, ಮೇಯುವ ಜಿಂಕೆ ಎಲ್ಲಿಗೂ ಓಡುವುದಿಲ್ಲ.

ರಾತ್ರಿ ಬೆಳಕಿನಲ್ಲಿ ಎರಡು ಬಗೆ. 850 ನ್ಯಾನೋಮೀಟರಿನದು ಮಂದ ಕೆಂಪಾಗಿ ಕಾಣುತ್ತದೆ, ದೂರಕ್ಕೆ ಬೆಳಕು ಚೆಲ್ಲುತ್ತದೆ. 940 ನ್ಯಾನೋಮೀಟರಿನದು ಮನುಷ್ಯರ ಕಣ್ಣಿಗೆ ಕಾಣುವುದಿಲ್ಲ, ಫೋಟೋ ಸ್ವಲ್ಪ ಮಬ್ಬು. ಹೊಲಕ್ಕೆ ಮೊದಲನೆಯದು, ಕಾಡಿನೊಳಗಿನ ಜಾಡಿಗೆ ಎರಡನೆಯದು. ಕಳ್ಳರ ಭಯವಿರುವ ಸಾರ್ವಜನಿಕ ಭೂಮಿಗೂ ಎರಡನೆಯದೇ ಲೇಸು.

ಸೆಲ್ಲಿನ ವಿಷಯದಲ್ಲಿ ಜುಗ್ಗತನ ಬೇಡ. ಲಿಥಿಯಂ ಎಎ ಸೆಲ್ ಚಳಿಗೂ ಕುಗ್ಗದೆ ತಿಂಗಳುಗಟ್ಟಲೆ ನಡೆಯುತ್ತದೆ. ಆಲ್ಕಲೈನ್ ಸೆಲ್ ಬೇಸಗೆಯಲ್ಲಿ ಪರವಾಗಿಲ್ಲ, ಚಳಿ ಬಿದ್ದೊಡನೆ ಸೋಲುತ್ತದೆ. ಮೊದಲು ಕಾಣುವ ಲಕ್ಷಣ ರಾತ್ರಿಯ ಫೋಟೋಗಳು ಕಪ್ಪಾಗುವುದು, ಏಕೆಂದರೆ ಹೆಚ್ಚು ವಿದ್ಯುತ್ ಎಳೆಯುವುದು ಆ ಬೆಳಕೇ. ರೀಚಾರ್ಜ್ ಆಗುವ ನಿಕ್ಕಲ್ ಸೆಲ್ಲುಗಳು 1.5ರ ಬದಲು 1.2 ವೋಲ್ಟ್ ಕೊಡುವುದರಿಂದ ಕೆಲವು ಕ್ಯಾಮೆರಾಗಳು ತುಂಬಿದ ಸೆಲ್ಲನ್ನೇ ಖಾಲಿ ಎಂದುಕೊಳ್ಳುತ್ತವೆ. ಲಿಥಿಯಂಗೂ ಒಂದು ಕೆಟ್ಟ ಗುಣವಿದೆ: ಕೊನೆಯವರೆಗೂ ತುಂಬಿದೆ ಎಂದು ತೋರಿಸಿ ಒಮ್ಮೆಲೇ ಕೈಕೊಡುತ್ತದೆ. ಸೂಚಕ ನಂಬಬೇಡಿ, ಸೆಲ್ ಹಾಕಿದ ತಾರೀಕನ್ನು ಬಾಗಿಲಿನ ಒಳಗೆ ಟೇಪಿನ ಮೇಲೆ ಬರೆದಿಡಿ. ಹಳೆಯ ಸೆಲ್ ಜೊತೆ ಹೊಸದನ್ನು ಬೆರೆಸಬೇಡಿ.

ಪ್ರತಿ ಕ್ಯಾಮೆರಾಕ್ಕೆ ಎರಡು 32 ಜಿಬಿ ಎಸ್‌ಡಿ ಕಾರ್ಡ್ ಇರಲಿ, ಒಂದು ಒಳಗೆ, ಒಂದು ಜೇಬಿನಲ್ಲಿ. ಹಳೆಯ ಮಾದರಿಗಳು ಇದಕ್ಕಿಂತ ದೊಡ್ಡ ಕಾರ್ಡನ್ನು ಓದುವುದಿಲ್ಲ. ಇನ್ನು ಕಟ್ಟುವ ಪಟ್ಟಿ, ಸಣ್ಣ ಗರಗಸ, ಕತ್ತರಿ, ರಬ್ಬರ್ ಬೂಟು, ಕೈಗವಸು.

ಎಷ್ಟು ಕ್ಯಾಮೆರಾ? ಜಿಂಕೆಗಳ ಲೆಕ್ಕ ಹಿಡಿಯಲು ನೂರು ಎಕರೆಗೆ ಒಂದು ಎಂಬುದು ಅಲ್ಲಿ ರೂಢಿ. ಓಡಾಟದ ದಾರಿ ತಿಳಿಯಲು ಅಷ್ಟು ಸಾಲದು. ನಲವತ್ತು ಎಕರೆಗೆ ಎರಡು ಮೂರು ಬೇಕು. ಅದಕ್ಕಿಂತ ಹೆಚ್ಚಾದರೆ ಅವನ್ನು ನೋಡಿಕೊಳ್ಳಲು ಓಡಾಡುವ ನೀವೇ ಜಿಂಕೆಗಳನ್ನು ಓಡಿಸುತ್ತೀರಿ.

ಮನೆಯಲ್ಲಿ ಮಾಡಿ ಮುಗಿಸಬೇಕಾದದ್ದು

ದಿನಾಂಕ ಮತ್ತು ವೇಳೆ ಸರಿಯಿಲ್ಲದ ಫೋಟೋ ಉಪಯೋಗಕ್ಕೆ ಬಾರದು. ಗಡಿಯಾರವನ್ನು 24 ಗಂಟೆಯ ಕ್ರಮಕ್ಕೆ ಇಡಿ. ಬೆಳಗಿನ ಆರೂ ಸಂಜೆಯ ಆರೂ ಅದಲುಬದಲಾಗುವ ತಾಪತ್ರಯ ತಪ್ಪುತ್ತದೆ. ಅಮೆರಿಕದಲ್ಲಿ ನವೆಂಬರಿನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಕ್ಯಾಮೆರಾಕ್ಕೆ ಅದು ತಿಳಿಯಬೇಕೆಂದಿಲ್ಲ. ಸರಿಯಾಗಿ ಬೆದೆಗಾಲದ ನಡುವೆ ಬರುವ ಈ ಒಂದು ಗಂಟೆ ‘ಕತ್ತಲಾದ ಮೇಲೆ ಬಂದಿತು’ ಮತ್ತು ‘ಬೆಳಕಿರುವಾಗಲೇ ಬಂದಿತು’ ಎಂಬುದರ ಅಂತರವಾಗಬಹುದು.

ಕಾರ್ಡನ್ನು ಕಂಪ್ಯೂಟರಿನಲ್ಲಿ ಅಳಿಸಬೇಡಿ, ಯಾವ ಕ್ಯಾಮೆರಾಕ್ಕೆ ಹಾಕುತ್ತೀರೋ ಅದರಲ್ಲೇ ಫಾರ್ಮ್ಯಾಟ್ ಮಾಡಿ. ಬಳಿಕ ಸೆಟ್ಟಿಂಗ್:

- ಜಾಡಿಗೆ: ಒಮ್ಮೆ ಎಚ್ಚೆತ್ತರೆ ಮೂರು ಫೋಟೋ, ನಡುವಿನ ಬಿಡುವು 15ರಿಂದ 30 ಸೆಕೆಂಡು. ಹೆಣ್ಣಿನ ಹಿಂದೆ ಗಂಡು ಬರುವುದುಂಟು, ಬಿಡುವು ಹೆಚ್ಚಿದರೆ ಹೆಣ್ಣು ಮಾತ್ರ ಸಿಕ್ಕುತ್ತದೆ.
- ಹೊಲದ ಅಂಚಿಗೆ: ಶಾಖದ ಸೆನ್ಸರ್ ಜೊತೆಗೆ ಟೈಮ್‌ಲ್ಯಾಪ್ಸ್, ಬೆಳಗಿನ ಮೊದಲ ಎರಡು ಗಂಟೆ, ಸಂಜೆಯ ಕೊನೆಯ ಎರಡು ಗಂಟೆ, ಐದು ನಿಮಿಷಕ್ಕೊಂದು. ಸೆನ್ಸರಿಗೆ ಎಟುಕದ ದೂರದ ಮೂಲೆಯಲ್ಲಿ ಹೊಲಕ್ಕೆ ಇಳಿಯುವ ಗಂಡು ಇದರಲ್ಲಿ ಚುಕ್ಕೆಯಂತಾದರೂ ಕಾಣುತ್ತದೆ.
- ಗಂಡು ಜಿಂಕೆ ಕಾಲಿನಿಂದ ನೆಲ ಕೆರೆದ ಜಾಗಕ್ಕೆ: 10ರಿಂದ 15 ಸೆಕೆಂಡಿನ ವಿಡಿಯೋ. ಎತ್ತ ಕಡೆಯಿಂದ ಬಂತು, ಎತ್ತ ಹೋಯಿತು ಎಂಬುದು ಫೋಟೋಗಿಂತ ಚೆನ್ನಾಗಿ ತಿಳಿಯುತ್ತದೆ.
- ಸೂಕ್ಷ್ಮತೆ: ಬೇಸಗೆಯ ಮಧ್ಯಾಹ್ನ ಸುತ್ತಲ ಉಷ್ಣತೆಗೂ ಜಿಂಕೆಯ ಮೈಗೂ ವ್ಯತ್ಯಾಸ ಕಡಿಮೆ, ಆದ್ದರಿಂದ ಹೆಚ್ಚಿಗೆ ಇಡಿ. ಚಳಿ ಬಂದಾಗ ಮಧ್ಯಮಕ್ಕೆ ಇಳಿಸಿ.

ಎಲ್ಲವನ್ನೂ ಎರಡು ರಾತ್ರಿ ಮನೆಯ ಹಿತ್ತಿಲಿನಲ್ಲಿ ಓಡಿಸಿ ನೋಡಿ. ಕಾಡಿಗೆ ಹೋದ ಮೇಲೆ ಕೆಟ್ಟಿದೆಯೆಂದು ತಿಳಿಯುವುದು ಮೂರು ವಾರಗಳಾದ ಮೇಲೆ.

ಕಟ್ಟುವಾಗ

ತೋಳಿನಷ್ಟು ದಪ್ಪದ ಸಸಿ ಬೇಡ, ಗಾಳಿಗೆ ಓಲಾಡಿ ಸಾವಿರ ಖಾಲಿ ಫೋಟೋ ಕೊಡುತ್ತದೆ. ತೊಡೆಗಿಂತ ದಪ್ಪನೆಯ ಮರಕ್ಕೆ, ಸುಮಾರು ಮೂರು ಅಡಿ ಎತ್ತರದಲ್ಲಿ ಕಟ್ಟಿ. ಮುಖ ಉತ್ತರಕ್ಕಿರಲಿ. ಪೂರ್ವ ಪಶ್ಚಿಮಕ್ಕಿದ್ದರೆ, ಜಿಂಕೆ ಓಡಾಡುವ ಹೊತ್ತಿಗೇ ಸೂರ್ಯ ನೇರ ಕಣ್ಣಿಗೆ ಹೊಡೆದು ಫೋಟೋ ಬಿಳಚಿಕೊಳ್ಳುತ್ತದೆ.

ಜಾಡಿನಿಂದ ಹತ್ತು ಹದಿನೈದು ಅಡಿ ಸರಿದು, ಜಾಡನ್ನು ಸುಮಾರು 45 ಡಿಗ್ರಿ ಓರೆಯಾಗಿ ನೋಡುವಂತೆ ಕ್ಯಾಮೆರಾ ತಿರುಗಿಸಿ. ಜಾಡಿಗೆ ನೇರ ಅಡ್ಡವಾಗಿ ನೋಡಿದರೆ ಜಿಂಕೆ ಚೌಕಟ್ಟು ದಾಟಿ ಹೋಗುವಷ್ಟರಲ್ಲಿ ಕ್ಲಿಕ್ಕಾಗಿ ಬಾಲ ಮಾತ್ರ ಉಳಿಯುತ್ತದೆ. ಜಾಡಿನ ಉದ್ದಕ್ಕೇ ನೋಡಿದರೆ ಎದುರು ಬರುವ ಪ್ರಾಣಿಯನ್ನು ಸೆನ್ಸರ್ ತಡವಾಗಿ ಗ್ರಹಿಸುತ್ತದೆ, ಅದಕ್ಕೆ ಬೇಕಾದದ್ದು ಅಡ್ಡ ಚಲನೆ. ಓರೆಯಾಗಿಟ್ಟರೆ ಎರಡೂ ತೊಂದರೆ ಕಡಿಮೆ.

ಎದುರಿನ ಎತ್ತರದ ಹುಲ್ಲು, ಜೋಲುವ ರೆಂಬೆ ಕತ್ತರಿಸಿ. ಬಿಸಿಲಿಗೆ ಕಾದ ಎಲೆ ಗಾಳಿಗೆ ಅಲುಗಿದರೂ ಸೆನ್ಸರ್ ಮೋಸ ಹೋಗುತ್ತದೆ. ಆದರೆ ಅಂಗಳ ಗುಡಿಸಿದ ಹಾಗೆ ಬಯಲು ಮಾಡಬೇಡಿ, ಪ್ರಾಯದ ಗಂಡು ಇಂಥ ಬದಲಾವಣೆಯನ್ನು ಬೇಗ ಗಮನಿಸುತ್ತದೆ. ಕೊನೆಗೆ ಪರೀಕ್ಷಾ ಕ್ರಮಕ್ಕೆ ಹಾಕಿ, ಬಗ್ಗಿಕೊಂಡು, ಜಿಂಕೆಯ ಎತ್ತರದಲ್ಲಿ ಎದುರು ನಡೆದು ದೀಪ ಮಿನುಗುತ್ತದೆಯೇ ನೋಡಿ. ನಿಂತು ನಡೆದರೆ ಪರೀಕ್ಷೆಯಾದ ಹಾಗಲ್ಲ.

ಸಾರ್ವಜನಿಕ ಭೂಮಿಯಲ್ಲಿ ಏಳೆಂಟು ಅಡಿ ಎತ್ತರಕ್ಕೆ ಕಟ್ಟಿ, ಮೇಲ್ತುದಿಯ ಹಿಂದೆ ಕಡ್ಡಿಯೊಂದನ್ನು ಸಿಕ್ಕಿಸಿ ಕೆಳಮುಖವಾಗಿಸುವುದು ವಾಡಿಕೆ. ಜನರ ಕಣ್ಣೂ ತಪ್ಪುತ್ತದೆ, ಜಿಂಕೆಯ ಕಣ್ಣೂ ತಪ್ಪುತ್ತದೆ. ಸೆನ್ಸರ್ ಎಟುಕುವ ದೂರ ಮಾತ್ರ ತುಸು ತಗ್ಗುತ್ತದೆ.

ತಿಂಗಳಿಗೆ ತಕ್ಕ ಜಾಗ

ಬಂಡೀಪುರದಲ್ಲಿ ಚುಕ್ಕೆ ಜಿಂಕೆಗಳನ್ನು ನೋಡಿದವರಿಗೆ ಗೊತ್ತು: ಒಂದೇ ಹಿಂಡಿನಲ್ಲಿ ಒಂದಕ್ಕೆ ಬಲಿತ ಕೊಂಬು, ಇನ್ನೊಂದಕ್ಕೆ ಮೆತ್ತನೆಯ ಎಳೆಕೊಂಬು, ಮತ್ತೊಂದಕ್ಕೆ ಬೋಳು ತಲೆ. ಉತ್ತರದ ಬಿಳಿಬಾಲದ ಜಿಂಕೆ ಹಾಗಲ್ಲ. ಹಗಲಿನ ಉದ್ದ ಅದರ ಮೈಯ ಗಡಿಯಾರ. ಎಲ್ಲ ಗಂಡುಗಳೂ ಹೆಚ್ಚು ಕಡಿಮೆ ಒಟ್ಟಿಗೇ ನಡೆಯುತ್ತವೆ. ಚಳಿಗಾಲದಲ್ಲಿ ಕೊಂಬು ಬೀಳುತ್ತದೆ, ವಸಂತದಲ್ಲಿ ಚಿಗುರುತ್ತದೆ, ಆಗಸ್ಟ್ ಹೊತ್ತಿಗೆ ಬೆಳವಣಿಗೆ ಬಹುತೇಕ ಮುಗಿದು, ಆಗಸ್ಟ್ ಕೊನೆ ಸೆಪ್ಟೆಂಬರ್ ಆರಂಭದಲ್ಲಿ ಮೇಲಿನ ಮಖಮಲ್ಲಿನಂಥ ಚರ್ಮ ಸುಲಿದು ಹೋಗುತ್ತದೆ. ಕ್ಯಾಮೆರಾದ ಜಾಗವೂ ಈ ಪಂಚಾಂಗದಂತೆ ಬದಲಾಗಬೇಕು.

ಜುಲೈ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಹೊಲದ ಅಂಚು. ಈ ಹೊತ್ತಿನಲ್ಲಿ ಗಂಡುಗಳು ಜಗಳವಿಲ್ಲದೆ ಗುಂಪಾಗಿ, ಬೆಳಕಿರುವಾಗಲೇ ಸೋಯಾಬೀನ್‌ಗೂ ಆಲ್ಫಾಲ್ಫಾಕ್ಕೂ ಇಳಿಯುತ್ತವೆ. ಬೇಲಿ ಮುರಿದ ಕಡೆ, ಕಾಡು ಹೊಲದೊಳಕ್ಕೆ ಚಾಚಿದ ಮೂಲೆ, ಕೆಸರಿನಲ್ಲಿ ಗೊರಸಿನ ಗುರುತು ದಟ್ಟವಾಗಿರುವ ಕಡೆ ಕಟ್ಟಿ. ಒಣ ವರ್ಷವಾದರೆ ನೆರಳಿನಲ್ಲಿರುವ ಸಣ್ಣ ಹೊಂಡ ಹೊಲಕ್ಕಿಂತ ಮೇಲು. ಈ ಫೋಟೋಗಳಿಂದ ಯಾವ ಯಾವ ಗಂಡುಗಳಿವೆ ಎಂಬ ಪಟ್ಟಿ ಸಿಗುತ್ತದೆ, ಅವುಗಳ ವಿಳಾಸ ಸಿಗುವುದಿಲ್ಲ. ಇಷ್ಟನ್ನು ಮರೆತು, ಆಗಸ್ಟಿನ ಫೋಟೋ ನಂಬಿ ಅದೇ ಮರಕ್ಕೆ ಅಟ್ಟಣೆ ಕಟ್ಟಿ ಅಕ್ಟೋಬರಿಡೀ ಖಾಲಿ ಹೊಲ ನೋಡುತ್ತ ಕೂರುವವರು ಬಹಳ.

ಕೊಂಬಿನ ಚರ್ಮ ಸುಲಿದ ಮೇಲೆ ಗಂಡುಗಳಲ್ಲಿ ಟೆಸ್ಟೋಸ್ಟೆರಾನ್ ಏರುತ್ತದೆ, ಗುಂಪು ಒಡೆಯುತ್ತದೆ. ಕೆಲವು ಇದ್ದಲ್ಲೇ ಇರುತ್ತವೆ, ಕೆಲವು ಒಂದೆರಡು ಮೈಲಿ ಆಚೆಯ ತಮ್ಮ ಶರತ್ಕಾಲದ ನೆಲೆಗೆ ಹೋಗುತ್ತವೆ. ಅದೇ ಹೊತ್ತಿಗೆ ಸೋಯಾಬೀನ್ ಎಲೆ ಹಳದಿಯಾಗಿ ರುಚಿ ಕೆಡುತ್ತದೆ, ಓಕ್ ಕಾಯಿ ಉದುರತೊಡಗುತ್ತದೆ. ಹೊಲದಲ್ಲಿದ್ದ ಗಂಡು ಮಾಯವಾಯಿತೆಂದು ಕಂಗೆಡಬೇಡಿ. ಸೆಪ್ಟೆಂಬರ್ ಮೊದಲ ವಾರವೇ ಅರ್ಧದಷ್ಟು ಕ್ಯಾಮೆರಾಗಳನ್ನು ಕಾಡಿನೊಳಕ್ಕೆ ಒಯ್ಯಿರಿ. ಬಿಳಿ ಓಕ್ ಮರಗಳನ್ನು ಹುಡುಕಿ. ಅದರ ಕಾಯಿಯಲ್ಲಿ ಒಗರು ಕಡಿಮೆಯಾದ್ದರಿಂದ ಕೆಂಪು ಓಕಿಗಿಂತ ಮೊದಲು ಅದಕ್ಕೆ ಬಾಯಿ ಹಾಕುತ್ತವೆ. ಎಲೆಯ ಅಂಚು ದುಂಡಗೆ ಇದ್ದರೆ ಬಿಳಿ ಓಕ್, ಮುಳ್ಳಿನಂತೆ ಚೂಪಾಗಿದ್ದರೆ ಕೆಂಪು. ವಿಸ್ಕಾನ್ಸಿನ್‌ನಲ್ಲಿ ಬಿಲ್ಲುಬೇಟೆ ಸೆಪ್ಟೆಂಬರ್ ಮಧ್ಯದಲ್ಲಿ ಶುರುವಾಗುವುದರಿಂದ ಈ ಸ್ಥಳಾಂತರಕ್ಕೆ ಸಮಯ ಹೆಚ್ಚಿಲ್ಲ.

ಅಕ್ಟೋಬರ್ ಬಂತೆಂದರೆ ಗಂಡುಗಳು ನೆಲವನ್ನು ಗೊರಸಿನಿಂದ ಕೆರೆದು, ಮೇಲಿನ ಬಾಗಿದ ರೆಂಬೆಗೆ ಹಣೆ, ಕಣ್ಣಿನ ಗ್ರಂಥಿ ಉಜ್ಜಿ ವಾಸನೆ ಬಿಡುತ್ತವೆ. ಬೇಟೆಗಾರರ ಮಾತಿನಲ್ಲಿ ಇದು ಸ್ಕ್ರೇಪ್. ಒಂದೇ ಸ್ಕ್ರೇಪಿಗೆ ಸುತ್ತಲಿನ ಅನೇಕ ಗಂಡುಗಳು ಬಂದು ಹೋಗುವುದರಿಂದ ಊರ ಪಟ್ಟಿಯನ್ನು ಹೊಸದಾಗಿ ಬರೆಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಹೊಲದಂಚಿನ ಸ್ಕ್ರೇಪಿಗೆ ಬರುವುದು ಬಹುಪಾಲು ರಾತ್ರಿ. ಕಾಡಿನೊಳಗೆ, ಮಲಗುವ ಪೊದೆಗೂ ಹೊಲಕ್ಕೂ ನಡುವೆ ಇರುವ ಸ್ಕ್ರೇಪ್ ಹುಡುಕಿ. ಮೇಲಿನ ರೆಂಬೆ ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿರುತ್ತದೆ, ಅದನ್ನು ಕೈಯಿಂದ ಮುಟ್ಟಬೇಡಿ. ಕ್ಯಾಮೆರಾ ಇಪ್ಪತ್ತು ಅಡಿಯಾಚೆ ಇರಲಿ.

ನವೆಂಬರ್ ಮಧ್ಯದಲ್ಲಿ ಬೆದೆ ತಾರಕಕ್ಕೇರುತ್ತದೆ. ಆಗ ಗಂಡು ಸ್ಕ್ರೇಪನ್ನೂ ಮರೆತು ಹೆಣ್ಣಿನ ಬೆನ್ನು ಹತ್ತುತ್ತದೆ. ಎರಡು ಮಲಗುವ ತಾಣಗಳ ನಡುವಿನ ಇಕ್ಕಟ್ಟಾದ ಕಾಡಿನ ಪಟ್ಟಿ, ದಿಣ್ಣೆಯ ಸಾಲು ತಗ್ಗಿದ ಕಣಿವೆಬಾಯಿ, ಹಳ್ಳ ದಾಟುವ ಜಾಗಗಳಿಗೆ ಕ್ಯಾಮೆರಾ ಸರಿಸಿ. ನವೆಂಬರಿನ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಒಂಬತ್ತು ದಿನದ ಬಂದೂಕು ಋತು ಶುರು. ಕಾಡು ತುಂಬ ಜನ. ಅಷ್ಟರೊಳಗೆ ಕಳವಾಗಬಾರದ ಕ್ಯಾಮೆರಾಗಳನ್ನು ಬಿಚ್ಚಿ ತನ್ನಿ.

ನೋಡಲು ಹೋಗುವುದು, ಹೋಗದಿರುವುದು

ಕ್ಯಾಮೆರಾ ಕಟ್ಟಿದವರು ಮಾಡುವ ಅತಿ ದೊಡ್ಡ ಹಾನಿ ವಾರಕ್ಕೆರಡು ಸಲ ಕಾರ್ಡ್ ನೋಡಲು ಹೋಗುವುದು. ಹೊಲದಂಚಿಗೆ ಎರಡು ವಾರಕ್ಕೊಮ್ಮೆ, ಕಾಡಿನೊಳಗಿನದಕ್ಕೆ ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ಮಲಗುವ ಪೊದೆಯ ಹತ್ತಿರ ಕಟ್ಟಿದ್ದರೆ ಋತು ಮುಗಿಯುವವರೆಗೆ ಮುಟ್ಟಬೇಡಿ, ಇಲ್ಲವೆ ನಿಯಮ ಒಪ್ಪುವುದಾದರೆ ಅಲ್ಲಿಗೆ ಸೆಲ್ಯುಲಾರ್ ಕ್ಯಾಮೆರಾ ಹಾಕಿ. ಬೇಟೆ ನಡೆಯುತ್ತಿರುವಾಗ ಫೋನಿಗೆ ಬಂದ ಫೋಟೋ ನೋಡಿ ಎದ್ದು ಅಲ್ಲಿಗೆ ಓಡುವುದನ್ನು ದಾಖಲೆ ಕೊಂಬುಗಳ ಪಟ್ಟಿ ಇಡುವ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ನ್ಯಾಯದ ಬೇಟೆಯೆಂದು ಒಪ್ಪುವುದಿಲ್ಲ. ಅದು ಸರಿಯಾದ ನಿಲುವೇ.

ಹೋಗುವ ಹೊತ್ತು ನಡುಮಧ್ಯಾಹ್ನ. ಗಾಳಿ ಜೋರಿರುವ ದಿನವಾದರೆ ಸಪ್ಪಳ ಮುಚ್ಚುತ್ತದೆ, ಮಳೆಗೆ ಮುಂಚೆಯಾದರೆ ವಾಸನೆ ತೊಳೆದು ಹೋಗುತ್ತದೆ. ರಬ್ಬರ್ ಬೂಟು, ಕೈಗವಸು ಕಡ್ಡಾಯ. ನಿಮ್ಮ ಮೈಗಾಳಿ ಮಲಗುವ ಪೊದೆಯತ್ತ ಬೀಸುವ ದಿನ ಹೋಗಲೇಬೇಡಿ. ಫೋಟೋವನ್ನು ಅಲ್ಲೇ ನಿಂತು ನೋಡುತ್ತ ಕೂರಬೇಡಿ. ಕಾರ್ಡ್ ಬದಲಿಸಿ, ಹೊರಡಿ. ಹಾಕುವ ಮುನ್ನ ಕಾರ್ಡಿನ ಪಕ್ಕದ ಪುಟ್ಟ ಲಾಕ್ ಗುಂಡಿ ಕೆಳಗೆ ಜಾರಿಲ್ಲ ಎಂದು ನೋಡಿ. ತಿಂಗಳಿಡೀ ಒಂದೂ ಫೋಟೋ ಇಲ್ಲದಿರಲು ಬಹುಪಾಲು ಕಾರಣ ಅದು, ಅಥವಾ ಪರೀಕ್ಷಾ ಕ್ರಮದಲ್ಲೇ ಬಿಟ್ಟು ಬಂದದ್ದು.

ಫೋಟೋ ಓದುವುದು

ಪ್ರತಿ ಗಂಡಿಗೂ ಒಂದು ಹೆಸರು ಅಥವಾ ಸಂಖ್ಯೆ ಕೊಡಿ. ಕೊಂಬಿನ ಕವಲುಗಳ ಎಣಿಕೆ, ಹುಬ್ಬಿನ ಮೇಲಿನ ಕವಲಿನ ಉದ್ದ, ಅಡ್ಡಾದಿಡ್ಡಿ ಕವಲು, ಹರಿದ ಕಿವಿ, ಗಂಟಲ ಬಿಳಿ ಮಚ್ಚೆಯ ಆಕಾರ ಬರೆದಿಡಿ. ಮುಂದಿನ ವರ್ಷ ಕೊಂಬು ಬದಲಾದರೂ ಕಿವಿಯ ಹರುಕು ಉಳಿದಿರುತ್ತದೆ.

ವಯಸ್ಸನ್ನು ಕೊಂಬಿನಿಂದ ಅಳೆಯಬೇಡಿ, ಮೈಯಿಂದ ಅಳೆಯಿರಿ, ಅದೂ ಪಕ್ಕದಿಂದ ತೆಗೆದ ಫೋಟೋದಲ್ಲಿ. ಒಂದೂವರೆ ವರ್ಷದ್ದು ಕೊಂಬು ಬಂದ ಹೆಣ್ಣಿನಂತೆ ಕಾಣುತ್ತದೆ: ತೆಳ್ಳನೆಯ ಕುತ್ತಿಗೆ, ಉದ್ದುದ್ದ ಕಾಲು. ಎರಡೂವರೆಯದಕ್ಕೆ ಕಾಲು ಇನ್ನೂ ಉದ್ದ, ಸೊಂಟ ಸಣ್ಣ. ಮೂರೂವರೆಗೆ ಎದೆ ತುಂಬಿ ಪಂದ್ಯದ ಕುದುರೆಯ ಮೈಕಟ್ಟು ಬರುತ್ತದೆ. ನಾಲ್ಕೂವರೆ ದಾಟಿದ್ದಕ್ಕೆ ಕುತ್ತಿಗೆ ನೇರ ಎದೆಗೇ ಬೆಸೆದಂತಿದ್ದು, ಹೊಟ್ಟೆ ಇಳಿದು, ಕಾಲು ಗಿಡ್ಡವೆನಿಸುತ್ತದೆ. ಬೇಸಗೆಯಲ್ಲಿ ಕುತ್ತಿಗೆ ಊದಿರುವುದಿಲ್ಲವಾದ್ದರಿಂದ ಎಲ್ಲವೂ ಎಳೆಯವಾಗಿ ತೋರುತ್ತವೆ. ಜುಲೈನ ಅಂದಾಜನ್ನು ಅಕ್ಟೋಬರಿನಲ್ಲಿ ತಿದ್ದಿ.

ಈಗ ಮುಖ್ಯ ಕೆಲಸ. ಒಂದು ಹಾಳೆಯಲ್ಲಿ ಪ್ರತಿ ಗಂಡಿಗೆ ತಾರೀಕು, ವೇಳೆ, ಕ್ಯಾಮೆರಾ, ಬಂದ ದಿಕ್ಕು ಬರೆಯಿರಿ. ಆ ಹೊತ್ತಿನ ಗಾಳಿಯ ದಿಕ್ಕನ್ನೂ ಉಷ್ಣತೆಯನ್ನೂ ಹತ್ತಿರದ ಹವಾಮಾನ ಕೇಂದ್ರದ ಹಳೆಯ ದಾಖಲೆಯಿಂದ ತುಂಬಿ. ನಂತರ ಕಾನೂನು ಒಪ್ಪುವ ಬೇಟೆಯ ವೇಳೆಗೆ, ಅಂದರೆ ಬಹಳ ರಾಜ್ಯಗಳಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ, ಹೊರಗಿರುವ ಸಾಲುಗಳನ್ನೆಲ್ಲ ಹೊಡೆದು ಹಾಕಿ. ನೂರು ಫೋಟೋಗಳಲ್ಲಿ ಉಳಿಯುವುದು ನಾಲ್ಕೋ ಐದೋ. ಕೆಲಸಕ್ಕೆ ಬರುವುದು ಅವೇ.

ಹೊಡೆದು ಹಾಕಿದವನ್ನೂ ಎಸೆಯಬೇಡಿ. ಕತ್ತಲಾದ ಇಪ್ಪತ್ತು ನಿಮಿಷಕ್ಕೆ ಹೊಲದಂಚಿಗೆ ಬರುವ ಗಂಡು ದೂರದಲ್ಲಿ ಮಲಗಿರುವುದಿಲ್ಲ. ಬಂದ ದಾರಿ ಹಿಡಿದು ಇನ್ನೂರು ಮುನ್ನೂರು ಗಜ ಕಾಡಿನೊಳಕ್ಕೆ ಕ್ಯಾಮೆರಾ ಸರಿಸಿದರೆ ಬೆಳಕಿರುವಾಗಲೇ ಸಿಗುವ ಸಂಭವವಿದೆ. ನಡುರಾತ್ರಿ ಒಂದಕ್ಕೆ ಬರುವುದಾದರೆ ಅದರ ನೆಲೆ ಬೇರೆಲ್ಲೋ ಇದೆ, ಬೆನ್ನು ಹತ್ತಿ ಫಲವಿಲ್ಲ.

ಅಟ್ಟಣೆಯ ಜಾಗ ನಿಶ್ಚಯಿಸುವಾಗ ಕ್ಯಾಮೆರಾದ ಮರವನ್ನೇ ಆರಿಸಬೇಡಿ. ಹಗಲಿನ ಫೋಟೋಗಳಲ್ಲಿದ್ದ ಗಾಳಿ ಬೀಸುವಾಗ ನಿಮ್ಮ ವಾಸನೆ ಜಾಡಿನ ಮೇಲೂ ಹೋಗದ, ಮಲಗುವ ಪೊದೆಗೂ ಮುಟ್ಟದ ಮರ ಹುಡುಕಿ. ದಿಣ್ಣೆಯ ನಾಡಿನಲ್ಲಿ ಬಿಸಿಲೇರಿದಂತೆ ಗಾಳಿ ಇಳಿಜಾರು ಹತ್ತುತ್ತದೆ, ಸಂಜೆ ತಂಪಾದಂತೆ ಕೆಳಗಿಳಿಯುತ್ತದೆ. ಹಾಗಾಗಿ ಬೆಳಗಿನ ಅಟ್ಟಣೆ ಜಾಡಿಗಿಂತ ಮೇಲೆ, ಸಂಜೆಯದು ಕೆಳಗೆ. ಒಂದು ಗಂಡಿಗೆ ಎರಡು ಅಟ್ಟಣೆಯಾದರೂ ಬೇಕು, ಗಾಳಿ ತಿರುಗಿದ ದಿನ ಮೊದಲನೆಯದರ ಹತ್ತಿರವೂ ಸುಳಿಯದಿರಲು.

ಒಂದೆರಡು ಕ್ಯಾಮೆರಾಗಳನ್ನು ಫೆಬ್ರವರಿಯವರೆಗೆ ಉಳಿದ ಮೇವಿನ ಬಳಿ ಇರಲು ಬಿಡಿ. ಬೇಟೆ ಮುಗಿದ ಮೇಲೆ ಯಾವ ಗಂಡು ಬದುಕಿದೆ, ಕೊಂಬು ಯಾವ ವಾರ ಬಿತ್ತು ಎಂದು ತಿಳಿಯುತ್ತದೆ. ಮುಂದಿನ ಜುಲೈನ ಪಟ್ಟಿ ಅಲ್ಲಿಂದಲೇ ಆರಂಭ. ತಂದಿಡುವಾಗ ಸೆಲ್ ತೆಗೆದು, ರಬ್ಬರ್ ಅಂಚು ಒರೆಸಿ, ಬಾಗಿಲು ತೆರೆದಿಟ್ಟು ಒಣಗಿಸಿ. ಪಟ್ಟಿಯ ಸಂದಿನಲ್ಲಿ ಇರುವೆ ಗೂಡು ಕಟ್ಟಿರುವುದುಂಟು, ಅದನ್ನೂ ನೋಡಿ.